ಟೋಕಿಯೊ ಜನಜಂಗುಳಿಯಲ್ಲಿ ಜೊತೆ ತಪ್ಪದಿರಲು

ಪ್ರಶ್ನೆ: ನಾವು ನಾಲ್ವರು ಗೆಳತಿಯರು ಮೊದಲ ಸಲ ಟೋಕಿಯೊಗೆ ಹೊರಟಿದ್ದೇವೆ. ಬೆಂಗಳೂರಿನಿಂದ ನರಿತಾಗೆ ವಿಮಾನ, ಶಿಂಜುಕು ಸ್ಟೇಷನ್ ಹತ್ತಿರ ಹೋಟೆಲ್. ಅಲ್ಲಿನ ಜನಸಂದಣಿಯ ವಿಡಿಯೊ ನೋಡಿಯೇ ಗಾಬರಿಯಾಗಿದೆ. ಒಬ್ಬರಿಗೊಬ್ಬರು ತಪ್ಪಿಹೋದರೆ ಏನು ಮಾಡುವುದು? ಇಬ್ಬರು ಮೀನು ಸಹ ತಿನ್ನುವುದಿಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಗಾಬರಿ ಬೇಡ. ಟೋಕಿಯೊದ ಜನ ನೂಕುವುದಿಲ್ಲ, ಕೂಗುವುದಿಲ್ಲ. ತುಂಬಿದ ರೈಲಿನಲ್ಲೂ ಮೌನ ಕಂಡು ನೀವೇ ಬೆರಗಾಗುತ್ತೀರಿ. ಕಷ್ಟ ಕೊಡುವುದು ಹೊರದಾರಿಗಳು. ದಿನಕ್ಕೆ ಸುಮಾರು 30 ಲಕ್ಷ ಜನ ಓಡಾಡುವ ಶಿಂಜುಕುವಿಗೆ 200ಕ್ಕೂ ಹೆಚ್ಚು ಹೊರದಾರಿಗಳಿವೆ. ‘ಸ್ಟೇಷನ್ ಹತ್ತಿರ ಸಿಗೋಣ’ ಎನ್ನುವ ಮಾತಿಗೆ ಅಲ್ಲಿ ಅರ್ಥವೇ ಇಲ್ಲ. ಪೂರ್ವ ದ್ವಾರದಲ್ಲಿ ಹೊರಬಿದ್ದವರು ರಾತ್ರಿ ಮನರಂಜನೆಯ ಬಡಾವಣೆ ಕಬುಕಿಚೊ ಕಡೆ, ಪಶ್ಚಿಮದವರು ಗಗನಚುಂಬಿ ಕಟ್ಟಡಗಳ ಕಡೆ, ದಕ್ಷಿಣದವರು ಬಸ್ ಟರ್ಮಿನಲ್ ಕಡೆ. ನಡುವೆ ಸಾಲು ಸಾಲು ಹಳಿ. ಹೋಟೆಲಿಗೆ ಯಾವ ದ್ವಾರ ಹತ್ತಿರ ಎಂದು ಹೊರಡುವ ಮೊದಲೇ ಕೇಳಿ, ನಾಲ್ವರೂ ಬರೆದಿಟ್ಟುಕೊಳ್ಳಿ. ಜೆಆರ್ (ಜಪಾನಿನ ದೊಡ್ಡ ರೈಲ್ವೆ ಕಂಪನಿ) ನಿಲ್ದಾಣಗಳಲ್ಲಿ ಹೊರದಾರಿಯ ಫಲಕ ಹಳದಿ. ಪ್ಲಾಟ್‌ಫಾರ್ಮ್ ಬಿಡುವಾಗಲೇ ಅದನ್ನು ಹಿಡಿಯಬೇಕು; ಗೇಟು ದಾಟಿದ ಮೇಲೆ ತಪ್ಪು ಗೊತ್ತಾದರೆ ದೊಡ್ಡ ಸುತ್ತು. ಪೂರ್ವ–ಪಶ್ಚಿಮ ದಾಟಲು ಟಿಕೆಟ್ ಬೇಡದ ಒಳಹಾದಿ 2020ರಲ್ಲಿ ತೆರೆದಿದೆ, ನೆನಪಿಡಿ.

ಗುಂಪು ಒಡೆಯುವ ಇನ್ನೊಂದು ಜಾಗ ಟಿಕೆಟ್ ಗೇಟು. ಮೊದಲೇ ಹಣ ತುಂಬಿಸಿ ಗೇಟಿಗೆ ತಾಗಿಸುವ ಸುಯಿಕಾ ಅಥವಾ ಪಾಸ್ಮೊ ಪ್ರಯಾಣ ಕಾರ್ಡ್ ಒಬ್ಬೊಬ್ಬರಿಗೆ ಒಂದೊಂದು ಬೇಕೇ ಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲಾಗದು, ಏಕೆಂದರೆ ಒಳಗೆ ಹೋದ ಕಾರ್ಡೇ ಹೊರಗೂ ಬರಬೇಕು. ವಿಮಾನ ನಿಲ್ದಾಣದಲ್ಲಿ ಪ್ರವಾಸಿಗರಿಗೆಂದೇ ಸಿಗುವ ವೆಲ್‌ಕಂ ಸುಯಿಕಾ 28 ದಿನ ನಡೆಯುತ್ತದೆ. ಠೇವಣಿ ಇಲ್ಲ, ಆದರೆ ಉಳಿದ ಹಣ ವಾಪಸ್ ಬರುವುದಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ತುಂಬಿಸಿ. ಐಫೋನಿನಲ್ಲಿ ಸುಯಿಕಾ ಹಾಕಿಕೊಳ್ಳಬಹುದು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ, ಅಂಥ ಫೋನಿನವರು ಕಾರ್ಡನ್ನೇ ಕೊಳ್ಳಲಿ. ಹಣ ಸಾಲದಿದ್ದರೆ ಹೊರಬರುವಾಗ ಗೇಟಿನ ಪಟ್ಟಿ ಮುಚ್ಚಿಕೊಳ್ಳುತ್ತದೆ. ಹಿಂದೆ ಸರಿದು, ಗೇಟಿನ ಪಕ್ಕದ ಯಂತ್ರದಲ್ಲಿ ಯೆನ್ ನೋಟು ಹಾಕಿದರೆ ಮುಗಿಯಿತು. ಮೊದಲು ದಾಟಿದವರು ಅಲ್ಲೇ ಪಕ್ಕಕ್ಕೆ ನಿಲ್ಲಿ, ಗೇಟಿಗೆ ಅಡ್ಡ ನಿಲ್ಲಬೇಡಿ.

ರೈಲಿನ ಬಾಗಿಲು ಮುಚ್ಚಿ ಒಬ್ಬರು ಹಿಂದೆ ಉಳಿದರೆ? ಇದಕ್ಕೆ ಮೊದಲೇ ಒಪ್ಪಂದ ಇರಲಿ. ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಪ್ಲಾಟ್‌ಫಾರ್ಮ್‌ನಲ್ಲೇ ಕಾಯಬೇಕು, ಹಿಂದೆ ಉಳಿದವರು ಮುಂದಿನ ರೈಲಿಗೆ ಅದೇ ಬೋಗಿಯಲ್ಲಿ ಬರಬೇಕು. ವಾಪಸ್ ಹುಡುಕಿಕೊಂಡು ಹೋದರೆ ಎದುರುಬದುರು ಹಾದುಹೋಗಿ ಮತ್ತೆ ತಪ್ಪುತ್ತೀರಿ. ನಗರದ ನಡುಭಾಗವನ್ನು ಸುತ್ತುವ ಯಮನೋತೆ ಲೈನಿನ ರೈಲಿಗೆ 11 ಬೋಗಿ. ನಿಲ್ಲುವ ಜಾಗದಲ್ಲಿ ಬೋಗಿ, ಬಾಗಿಲಿನ ಸಂಖ್ಯೆ ಬರೆದಿರುತ್ತದೆ. ಆ ಸಂಖ್ಯೆಯನ್ನು ವಾಟ್ಸ್ಆಪ್‌ನಲ್ಲಿ ಕಳಿಸಿದರೆ ಸಾಕು. ಈ ಹಸಿರು ಲೈನು 30 ನಿಲ್ದಾಣಗಳ ವರ್ತುಲ, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ತಪ್ಪು ದಿಕ್ಕಿಗೆ ಹತ್ತಿದರೂ ತಡವಾಗುತ್ತದೆಯೇ ಹೊರತು ದಾರಿ ಕೆಡುವುದಿಲ್ಲ, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಲೈನಿಲ್ಲ. ಕಿತ್ತಳೆ ಬಣ್ಣದ ಚುಒ ಕ್ಷಿಪ್ರ ರೈಲು ಹಾಗಲ್ಲ, ಅದು ಹಲವು ನಿಲ್ದಾಣ ಬಿಟ್ಟು ಹೋಗುತ್ತದೆ.

ಬೆಳಿಗ್ಗೆ ಏಳೂವರೆಯಿಂದ ಒಂಬತ್ತೂವರೆವರೆಗೆ ಪೆಟ್ಟಿಗೆ ಹಿಡಿದು ರೈಲು ಹತ್ತಬೇಡಿ. ಬೆನ್ನಿನ ಚೀಲ ಎದೆಗೆ ಬರಲಿ, ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ. ಕೊನೆಯ ರೈಲು ಮಧ್ಯರಾತ್ರಿಯ ಆಸುಪಾಸಿನಲ್ಲೇ ಹೋಗಿಬಿಡುತ್ತದೆ.

ಇನ್ನು ಊಟ. ‘ಮಾಂಸ ಬೇಡ’ ಎಂದರೆ ಸಾಲದು. ಮಿಸೊ ಸಾರು, ನೂಡಲ್ಸ್ ಸಾರು ಎರಡಕ್ಕೂ ಸಾಮಾನ್ಯವಾಗಿ ಒಣ ಮೀನಿನಿಂದ ತೆಗೆದ ‘ದಾಶಿ’ ಬಿದ್ದಿರುತ್ತದೆ. ಮೀನಿನ ಚೂರು ಕಾಣಿಸದ ಕಾರಣ ಕೊಡುವವರಿಗೂ ಅದು ಮಾಂಸಾಹಾರ ಎನಿಸುವುದಿಲ್ಲ. ‘ಮೀನಿನ ದಾಶಿಯೂ ಬೇಡ’ ಎಂಬ ಮಾತನ್ನು ಜಪಾನೀಸ್‌ನಲ್ಲಿ ಫೋನಿನಲ್ಲಿ ಬರೆಸಿಟ್ಟುಕೊಂಡು ತೋರಿಸಿ. ಅನ್ನ, ಸಾರಿನ ಆಸೆಯಾದರೆ ನಿಶಿ-ಕಸಾಯಿಗೆ ಹೋಗಿ. ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆ ಅದು, ದಕ್ಷಿಣ ಭಾರತದ ಊಟವೂ ಸಿಗುತ್ತದೆ.