ಆಪರೇಷನ್ ಆಗಿ ಎಂಟು ತಿಂಗಳಾದರೂ ಜೊತೆಗೆ ಕೂತು ಉಣ್ಣುವುದಿಲ್ಲ

ಪ್ರಶ್ನೆ: ನಮ್ಮ ಮನೆಯವರಿಗೆ 48 ವರ್ಷ. ಗುಟ್ಕಾ ಚಟದಿಂದ ಬಾಯಿ ಕ್ಯಾನ್ಸರ್ ಆಗಿ, ಬಲಗಡೆಯ ದವಡೆಯನ್ನು ತೆಗೆದು ಎದೆಯ ಮಾಂಸದಿಂದ ಮುಚ್ಚಿದ್ದಾರೆ. ಆಮೇಲೆ ಕುತ್ತಿಗೆಗೂ ರೇಡಿಯೇಷನ್ ಕೊಟ್ಟರು. ಕಾಯಿಲೆ ಮರಳಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಆದರೂ ಇವರು ಮುಖಕ್ಕೆ ಟವೆಲ್ ಸುತ್ತಿಕೊಂಡು ಒಳಗೇ ಇರುತ್ತಾರೆ, ಒಬ್ಬರೇ ಉಣ್ಣುತ್ತಾರೆ, ಮಗಳ ಸೀಮಂತಕ್ಕೂ ಹೊರಗೆ ಬರಲಿಲ್ಲ. ‘ಜೀವ ಉಳಿದದ್ದೇ ದೊಡ್ಡದು’ ಎಂದರೆ ಸಿಟ್ಟಾಗುತ್ತಾರೆ. ಏನು ಮಾಡಲಿ?
– ಒಬ್ಬ ಗೃಹಿಣಿ, ಸಿಂಧನೂರು ತಾಲ್ಲೂಕು

ಉತ್ತರ: ತಾಯಿ, ಆ ಸಿಟ್ಟನ್ನು ಮೊಂಡುತನ ಎಂದು ತಿಳಿಯಬೇಡಿ. ಜೀವ ಉಳಿಯಿತೆಂಬ ಸಮಾಧಾನ ನಿಮ್ಮದು; ಆದರೆ ತನ್ನ ಮುಖ, ಸ್ಪಷ್ಟವಾದ ಮಾತು, ರೊಟ್ಟಿ ಅಗಿಯುವ ಶಕ್ತಿ ಇವೆಲ್ಲವನ್ನೂ ಒಂದೇ ದಿನ ಕಳೆದುಕೊಂಡವರಿಗೆ ಅದರ ದುಃಖ ಇದ್ದೇ ಇರುತ್ತದೆ, ಅದನ್ನು ಆಡಿ ತೋರಿಸಲು ನಾವು ಎಡೆ ಕೊಡುವುದಿಲ್ಲ. ‘ನಾನೇ ತಂದುಕೊಂಡ ರೋಗ’ ಎಂಬ ಕೊರಗೂ ಇಂಥವರನ್ನು ಕಾಡುತ್ತದೆ. ಗುಟ್ಕಾ ಮತ್ತೆ ಮನೆಗೆ ಬಾರದಂತೆ ನೋಡಿಕೊಳ್ಳಿ, ಆದರೆ ಹಳೆಯದನ್ನು ಎತ್ತಿ ಆಡಬೇಡಿ.

ಒಬ್ಬರೇ ಉಣ್ಣಲು ಕಾರಣ ಹೆಚ್ಚಾಗಿ ನಾಚಿಕೆ: ಜೊಲ್ಲು ಸೋರುತ್ತದೆ, ತುತ್ತು ಹೊರಗೆ ಜಾರುತ್ತದೆ. ಆದ್ದರಿಂದ ಮೊದಲು ನೀವೊಬ್ಬರೇ ಅವರ ಪಕ್ಕದಲ್ಲಿ ಕೂತು, ಅವರು ಉಣ್ಣುವ ಅಂಬಲಿಯನ್ನೋ ಜೋಳದ ನುಚ್ಚನ್ನೋ ಸಾರಿನಲ್ಲಿ ನೆನೆಸಿದ ರೊಟ್ಟಿಯನ್ನೋ ನೀವೂ ಉಣ್ಣಿ. ಮಕ್ಕಳು ಆಮೇಲೆ ಜೊತೆಯಾಗಲಿ, ನೆಂಟರಿಗೆ ಅವಸರವಿಲ್ಲ. ಟವೆಲನ್ನು ಕಿತ್ತುಕೊಳ್ಳಬೇಡಿ, ನಿಮ್ಮೆದುರು ಅದು ತಾನಾಗಿ ಸರಿಯುವವರೆಗೆ ಕಾಯಿರಿ. ಕ್ಯಾನ್ಸರ್ ಅಂಟುರೋಗವಲ್ಲ, ಹಾಗಾಗಿ ಮನೆಯಲ್ಲಿ ಯಾರಾದರೂ ಅವರ ತಟ್ಟೆ-ಲೋಟವನ್ನು ಬೇರೆ ಇಟ್ಟಿದ್ದರೆ ಇಂದೇ ಅದನ್ನು ನಿಲ್ಲಿಸಿ.

ಬಹಳ ಮನೆಗಳಲ್ಲಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಥೈರಾಯ್ಡ್ ಕೆಲಸ ಕುಗ್ಗಬಹುದು, ಆಗ ಸುಸ್ತು, ಜಡತೆ ಮತ್ತು ಬೇಸರ ಕಾಣಿಸಿಕೊಂಡು ಎಲ್ಲವೂ ಮನಸ್ಸಿನದೇ ಎಂಬಂತೆ ತೋರುತ್ತದೆ. ಟಿಎಸ್‌ಎಚ್ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ, ಮಾತ್ರೆಯಿಂದ ಸರಿಹೋಗುತ್ತದೆ. ಬಾಯಿ ತೆರೆಯುವ ವ್ಯಾಯಾಮವನ್ನು ಬಿಟ್ಟಿದ್ದರೆ ದವಡೆ ಇನ್ನಷ್ಟು ಬಿಗಿಯುತ್ತದೆ. ಅದನ್ನೂ, ಮಾತಿನ ತರಬೇತಿಯನ್ನೂ ಮುಂದಿನ ತಪಾಸಣೆಯಲ್ಲಿ ನೀವೇ ಕೇಳಿ.

ಎರಡು ವಾರಕ್ಕೂ ಮಿಕ್ಕಿ ನಿದ್ದೆ, ಹಸಿವು, ಆಸಕ್ತಿ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ರಾಯಚೂರಿನ ಸರ್ಕಾರಿ ಆಸ್ಪತ್ರೆಯಾದ ರಿಮ್ಸ್‌ನಲ್ಲಿ ಮನೋವೈದ್ಯರನ್ನು ಕಾಣಿ. ಹೋಗಲಾಗದಿದ್ದರೆ 14416ಕ್ಕೆ ಕರೆ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನವರು ಹಗಲೂ ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತನಾಡುತ್ತಾರೆ. ಊರವರು ಏನಂದಾರು ಎಂದು ಹಿಂಜರಿಯಬೇಡಿ, ಮನಸ್ಸಿನ ಚಿಕಿತ್ಸೆ ನಿಮ್ಮ ಸೀಮೆಗೆ ಹೊಸದಲ್ಲ: 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು, ನಿಮ್ಹಾನ್ಸ್ 1980ರ ದಶಕದಲ್ಲಿ ನಿಮ್ಮ ನೆರೆಯ ಬಳ್ಳಾರಿಯಲ್ಲಿ ನಡೆಸಿದ ಕೆಲಸವೇ.

‘ಇದ್ದು ಏನು ಪ್ರಯೋಜನ’ ಎಂಬ ಮಾತು ಅವರ ಬಾಯಿಂದ ಬಂದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮದು ಭತ್ತದ ಸೀಮೆ. ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿಗಳನ್ನು ಆ ಮಾತು ಬರುವವರೆಗೂ ಕಾಯದೆ, ಈಗಲೇ ಬೇರೆಯವರ ಮನೆಗೆ ಸಾಗಿಸಿಬಿಡಿ.