ಜಪಾನಿನ ಅನಿಮೇಷನ್ ನಿರ್ದೇಶಕ ಸತೋಶಿ ಕೋನ್ ಅವರ ಕೊನೆಯ ಚಿತ್ರ ‘ಡ್ರೀಮಿಂಗ್ ಮಷೀನ್’ ಏಕೆ ಪೂರ್ಣಗೊಳ್ಳಲಿಲ್ಲ?

2010ರ ಆಗಸ್ಟ್‌ನಲ್ಲಿ, ಕೇವಲ 46ನೇ ವಯಸ್ಸಿನಲ್ಲಿ ಕೋನ್ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತೀರಿಕೊಂಡಾಗ, ರೋಬೋಟ್‌ಗಳೇ ಪಾತ್ರಗಳಾಗಿರುವ ಈ ಚಿತ್ರ ಇನ್ನೂ ನಿರ್ಮಾಣದಲ್ಲಿತ್ತು. ನಿರ್ಮಾಪಕ ಮಸಾವೊ ಮರುಯಾಮ ಕೆಲಸ ಮುಂದುವರಿಸಿದರೂ ಹಣದ ಕೊರತೆಯಿಂದ ಅದು ನಿಂತುಹೋಯಿತು. ಸುಮಾರು 1,500 ಶಾಟ್‌ಗಳ ಪೈಕಿ 600ರಷ್ಟು ಮಾತ್ರ ಸಿದ್ಧವಾಗಿದ್ದವು.

ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ತೊಡಕು ಹಣವಲ್ಲ, ಕೋನ್‌ಗೆ ಸರಿಸಾಟಿಯಾದ ನಿರ್ದೇಶಕರು ಸಿಗದಿರುವುದು. ಮರುಯಾಮ ಅವರೂ ಮುಂದೆ ಇದನ್ನೇ ಹೇಳಿದರು. ಕೋನ್ ಅವರ 2001ರ ಚಿತ್ರ ‘ಮಿಲೇನಿಯಂ ಆಕ್ಟ್ರೆಸ್’ನಲ್ಲಿ ನಾಯಕಿ ಚಿಯೋಕೊ ಕುದುರೆ, ರಿಕ್ಷಾ, ಸೈಕಲ್ ಎಂದು ವಾಹನ ಬದಲಿಸುತ್ತ ಸಾಗುವಾಗ, ಒಂದೇ ಓಟದಲ್ಲಿ ಜಪಾನಿನ ಹಲವು ಯುಗಗಳು ದಾಟಿಹೋಗುತ್ತವೆ. ದೃಶ್ಯದಿಂದ ದೃಶ್ಯಕ್ಕೆ ಹೀಗೆ ಜಿಗಿಯುವ ಆ ಸಂಕಲನಪ್ರಜ್ಞೆಯನ್ನು ಕೇವಲ ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರಗಳು) ನೋಡಿ ಮತ್ತೊಬ್ಬರು ಮರುಸೃಷ್ಟಿಸುವುದು ಅತ್ಯಂತ ಕಷ್ಟ.