ಸೇರಿದ್ದೋ, ಸೇರಿಸಿಕೊಂಡದ್ದೋ?

ತಮ್ಮ ಪತ್ರ ತಲುಪಿತು. 'ಅಮೆರಿಕದ ರಾಜ್ಯಗಳಲ್ಲಿ ಟೆಕ್ಸಸ್ ಒಂದೇ ಹಿಂದೆ ಸ್ವತಂತ್ರ ದೇಶವಾಗಿತ್ತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹವಾಯಿಯೂ ಹಾಗೆಯೇ ತಾನಾಗಿ ಅಮೆರಿಕವನ್ನು ಸೇರಿದ ದೇಶವಲ್ಲವೇ?' ಎಂದು ಕೇಳಿದ್ದೀರಿ.

ತಪ್ಪು ನಮ್ಮದೇ. ಟೆಕ್ಸಸ್ ಒಂದೇ ಅಲ್ಲ. ವರ್ಮಾಂಟ್ 1777ರಿಂದ ಹದಿನಾಲ್ಕು ವರ್ಷ ಯಾರ ಅಂಕೆಗೂ ಸಿಗದೆ ಬಾಳಿತು. ಸ್ವಂತ ಸಂವಿಧಾನ ಬರೆದುಕೊಂಡಿತು, ಸ್ವಂತ ತಾಮ್ರದ ನಾಣ್ಯ ಟಂಕಿಸಿತು. ಜಮೀನಿನ ತಕರಾರು ತೀರಿಸಿಕೊಳ್ಳಲು ನ್ಯೂಯಾರ್ಕಿಗೆ 30,000 ಡಾಲರ್ ಕೊಡಲು ಒಪ್ಪಿ, 1791ರಲ್ಲಿ ಹದಿನಾಲ್ಕನೆಯ ರಾಜ್ಯವಾಯಿತು. ಟೆಕ್ಸಸ್ 1836ರಲ್ಲಿ ಮೆಕ್ಸಿಕೊದಿಂದ ಬೇರೆಯಾಗಿ, ಸಾಲದ ಹೊರೆ ಹೊತ್ತು ಒಂಬತ್ತು ವರ್ಷ ನಡೆದು, 1845ರಲ್ಲಿ ಮತ ಹಾಕಿ ಒಳಬಂದಿತು. ಅಲ್ಲಿನ ಗುಲಾಮರನ್ನು ಯಾರೂ ಕೇಳಲಿಲ್ಲ ಎಂಬುದನ್ನೂ ಹೇಳಲೇಬೇಕು. ಆದರೂ ಈ ಎರಡಕ್ಕೂ 'ಸೇರಿತು' ಎಂಬ ಮಾತು ಹೇಗೋ ಹೊಂದುತ್ತದೆ.

ಹವಾಯಿಗೆ ಆ ಮಾತು ಸಲ್ಲುವುದಿಲ್ಲ. ಅಲ್ಲಿದ್ದದ್ದು ಅರಸೊತ್ತಿಗೆ, ಅದರ ಸ್ವಾತಂತ್ರ್ಯವನ್ನು ಬ್ರಿಟನ್ ಮತ್ತು ಫ್ರಾನ್ಸ್ 1843ರಲ್ಲೇ ಮಾನ್ಯ ಮಾಡಿದ್ದವು. 1893ರ ಜನವರಿಯಲ್ಲಿ ರಾಣಿ ಲಿಲಿಯುಕಲಾನಿ ಹೊಸ ಸಂವಿಧಾನ ತರಲು ಹೊರಟಾಗ, ಬಿಳಿಯ ವರ್ತಕರ ಮತ್ತು ವಕೀಲರ ಗುಂಪೊಂದು ಆಕೆಯನ್ನು ಪಟ್ಟದಿಂದ ಇಳಿಸಿತು. 'ಬಾಸ್ಟನ್' ಎಂಬ ಅಮೆರಿಕದ ಯುದ್ಧನೌಕೆಯಿಂದ ಇಳಿದ 160ಕ್ಕೂ ಹೆಚ್ಚು ಸೈನಿಕರು ಆಗ ಹೊನೊಲುಲುವಿನಲ್ಲಿ ಬಂದೂಕು ಹಿಡಿದು ನಿಂತಿದ್ದರು. ಎರಡು ವರ್ಷಗಳ ಮೇಲೆ ರಾಣಿಯ ಬೆಂಬಲಿಗರು ಎದ್ದ ದಂಗೆ ಸೋತಿತು. ಆಕೆಯನ್ನು ಆಕೆಯದೇ ಇಯೊಲಾನಿ ಅರಮನೆಯ ಮಹಡಿಯ ಕೋಣೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರು. ಅಲ್ಲಿ ರಾಣಿ ಮತ್ತು ಜೊತೆಗಿದ್ದ ಹೆಂಗಸರು ರೇಷ್ಮೆಯ ತುಂಡುಗಳನ್ನು ಜೋಡಿಸಿ ಕೌದಿಯೊಂದನ್ನು ಹೊಲಿಯತೊಡಗಿದರು. ನಟ್ಟನಡುವೆ ಹವಾಯಿಯ ಬಾವುಟಗಳು, ಜೊತೆಗೆ ತನ್ನ ಸೆರೆವಾಸದ ವಿವರ, ಎಲ್ಲವೂ ಸೂಜಿ ದಾರದಲ್ಲಿ. ಆ ಕೌದಿ ಇಂದಿಗೂ ಅದೇ ಅರಮನೆಯಲ್ಲಿದೆ.

ಜನ ಸುಮ್ಮನಿದ್ದರೆಂದೂ ತಿಳಿಯಬೇಡಿ. 1897ರಲ್ಲಿ ವಿಲೀನದ ಒಪ್ಪಂದ ಅಮೆರಿಕದ ಸೆನೆಟ್ ಮುಂದೆ ಬಂದಾಗ, ಗಂಡಸರ ಮತ್ತು ಹೆಂಗಸರ ಸಂಘಗಳು ದ್ವೀಪದಿಂದ ದ್ವೀಪಕ್ಕೆ ಹೋಗಿ ವಿರೋಧದ ಸಹಿ ಸಂಗ್ರಹಿಸಿದವು. ಮೂಲ ಹವಾಯಿಗರು ಆಗ ಇದ್ದದ್ದೇ ಸುಮಾರು 40 ಸಾವಿರ. ಸಹಿಗಳು 21 ಸಾವಿರ ದಾಟಿದವು. ಪ್ರತಿನಿಧಿಗಳು ಅವನ್ನು ವಾಷಿಂಗ್ಟನ್‌ಗೆ ಒಯ್ದರು. ಒಪ್ಪಂದಕ್ಕೆ ಬೇಕಾದ ಮೂರನೇ ಎರಡರಷ್ಟು ಮತ ಸೆನೆಟ್‌ನಲ್ಲಿ ಒದಗಲೇ ಇಲ್ಲ. ಮರುವರ್ಷ ಸ್ಪೇನ್ ಜೊತೆ ಯುದ್ಧ ಹತ್ತಿಕೊಂಡಿತು, ಪೆಸಿಫಿಕ್ ಸಾಗರದಲ್ಲಿ ನೌಕಾನೆಲೆ ಬೇಕೆನಿಸಿತು. ಬರಿಯ ಬಹುಮತ ಸಾಕಾಗುವ ಜಂಟಿ ನಿರ್ಣಯ ತಂದು ಹವಾಯಿಯನ್ನು ಸೇರಿಸಿಕೊಂಡರು. 1898ರ ಆಗಸ್ಟ್ 12ರಂದು ಅರಮನೆಯ ಮುಂದೆ ಬಾವುಟ ಬದಲಾಯಿತು. ರಾಣಿ ಅಲ್ಲಿಗೆ ಹೋಗಲಿಲ್ಲ.

ರಾಜ್ಯದ ಸ್ಥಾನಕ್ಕಾಗಿ 1959ರಲ್ಲಿ ನಡೆದ ಮತದಾನದಲ್ಲಿ ಬಹುತೇಕರು 'ಹೌದು' ಎಂದದ್ದು ನಿಜ. ಆದರೆ ಸ್ವತಂತ್ರವಾಗಿರುವ ಆಯ್ಕೆ ಆ ಮತಪತ್ರದಲ್ಲಿ ಇರಲಿಲ್ಲ. ರಾಣಿಯನ್ನು ಪದಚ್ಯುತಗೊಳಿಸಿದ್ದಕ್ಕೆ ಅಮೆರಿಕ ಅಧಿಕೃತವಾಗಿ ಕ್ಷಮೆ ಕೇಳಿದ್ದು 1993ರಲ್ಲಿ.

ಆ ಸಹಿಯ ಹಾಳೆಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಹೆಚ್ಚುಕಡಿಮೆ ನೂರು ವರ್ಷ ಮರೆತುಹೋಗಿದ್ದವು. 1990ರ ದಶಕದಲ್ಲಿ ಅವು ಬೆಳಕಿಗೆ ಬಂದಾಗ, ಹವಾಯಿಯ ಕುಟುಂಬಗಳು ಸಾಲುಸಾಲಾಗಿ ಬೆರಳಾಡಿಸುತ್ತ ತಮ್ಮ ಮುತ್ತಜ್ಜಿ ಮುತ್ತಜ್ಜಂದಿರ ಹೆಸರು ಹುಡುಕಿದವು.